ಸಣ್ಣ ಮಾತು, ಸಣ್ಣ ಗೆರೆ: ಇಂಗ್ಲಿಷು ಬೆರೆತ ಕಾಗದಗಳನ್ನು ಓದುವ ಬಗೆ

ಇಂದಿನ ದಿನಗಳಲ್ಲಿ ರೈತನ ಮನೆಗೆ ಬರುವ ಕಾಗದಗಳು ಒಂದೆರಡಲ್ಲ. ಪಹಣಿ, ಬ್ಯಾಂಕಿನ ಪಾಸು ಪುಸ್ತಕ, ಸಾಲದ ಕರಾರು, ಗೊಬ್ಬರದ ಅಂಗಡಿಯ ಬಿಲ್ಲು, ಹೊಗೆಸೊಪ್ಪಿನ ಹರಾಜು ಚೀಟಿ, ವಿಮೆಯ ಅರ್ಜಿ ಇವೆಲ್ಲ ಒಂದಲ್ಲ ಒಂದು ದಿನ ಕೈಗೆ ಬರುತ್ತವೆ. ಇವುಗಳಲ್ಲಿ ಕೆಲವು ಕನ್ನಡದಲ್ಲಿರುತ್ತವೆ. ಕೆಲವು ಇಂಗ್ಲಿಷಿನಲ್ಲಿ, ಮತ್ತೆ ಕೆಲವು ಎರಡೂ ಬೆರೆತು ಇರುತ್ತವೆ. ದೊಡ್ಡ ಮಾತು ಅರ್ಥವಾಗದಿದ್ದರೆ ಯಾರನ್ನಾದರೂ ಕೇಳುತ್ತೇವೆ. ಆದರೆ ಆಂಡ್, ಆರ್, ಬೈ, ಪರ್ ಎಂಬ ಸಣ್ಣ ಮಾತುಗಳನ್ನೂ, ಅಂಕಿಗಳ ನಡುವೆ ಬರುವ ಚುಕ್ಕೆ, ಅಡ್ಡಗೆರೆ, ಓರೆಗೆರೆಗಳನ್ನೂ ನೋಡಿ ನೋಡದಂತೆ ಬಿಡುತ್ತೇವೆ. ಕಿಡಿ ಸಣ್ಣದಾದರೂ ಬಣವೆಯನ್ನು ಸುಡಬಲ್ಲದು. ಹಾಗೆಯೇ ಹೊಲದ ಗುಂಟೆ, ಸಾಲದ ಬಡ್ಡಿ, ಬೆಳೆಯ ಔಷಧಿಯ ಅಳತೆ ಎಲ್ಲವೂ ಈ ಸಣ್ಣ ಗುರುತುಗಳ ಮೇಲೆಯೇ ನಿಂತಿವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತ ಬಾಂಧವರಿಗೆ ಪದೇ ಪದೇ ಎದುರಾಗುವ ಇಂಥ ಗುರುತುಗಳನ್ನು ಇಲ್ಲಿ ಒಂದೊಂದಾಗಿ ತಿಳಿಸಿದೆ. ಇದಕ್ಕೆ ಇಂಗ್ಲಿಷು ಓದಿರಬೇಕಾಗಿಲ್ಲ. ಗುರುತು ಹಿಡಿಯುವುದು ತಿಳಿದರೆ ಸಾಕು.

ಪಹಣಿಯ ಚುಕ್ಕೆ

ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ಬರೆಯುತ್ತಾರೆ. ಹಳೆಯ ಕೈಬರಹದ ಕಾಗದದಲ್ಲಿ 2-20 ಎಂದು ಅಡ್ಡಗೆರೆ ಹಾಕುವುದುಂಟು. ಕಂಪ್ಯೂಟರಿನಿಂದ ಬರುವ ಪಹಣಿಯಲ್ಲಿ ಅದೇ ಲೆಕ್ಕ 2.20 ಎಂದು ಚುಕ್ಕೆಯೊಡನೆ ಬರುತ್ತದೆ. ಎರಡಕ್ಕೂ ಅರ್ಥ ಒಂದೇ: ಎರಡು ಎಕರೆ ಇಪ್ಪತ್ತು ಗುಂಟೆ. ಒಂದು ಎಕರೆಗೆ 40 ಗುಂಟೆಯಾದುದರಿಂದ ಇದು ಎರಡೂವರೆ ಎಕರೆ.

ಆದರೆ ಶಾಲೆಯಲ್ಲಿ ಕಲಿತ ದಶಾಂಶದ ಲೆಕ್ಕದಂತೆ 2.20 ಎಂಬುದನ್ನು ಓದಿದರೆ ಅದು ಎರಡು ಎಕರೆ ಎಂಟು ಗುಂಟೆಯಾಗುತ್ತದೆ. ಚುಕ್ಕೆಯನ್ನು ತಪ್ಪಾಗಿ ಓದಿದ್ದಕ್ಕೆ 12 ಗುಂಟೆ ಕಾಗದದ ಮೇಲೆಯೇ ಮಾಯವಾಯಿತು! ಹೊಲ ಮಾರುವಾಗ, ಕೊಳ್ಳುವಾಗ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಈ 12 ಗುಂಟೆಯ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ಮೊಬೈಲಿನಲ್ಲಿ ಕೂಡುವಾಗಲೂ ಇದೇ ತೊಂದರೆ. ಒಂದು ತಾಕು 1.30, ಇನ್ನೊಂದು 1.20 ಎಂದಿಟ್ಟುಕೊಳ್ಳಿ. ಯಂತ್ರವು 2.50 ಎಂದು ತೋರಿಸುತ್ತದೆ. ಅದು ಎರಡೂವರೆ ಎಕರೆಯಲ್ಲ. ಗುಂಟೆಗಳನ್ನು ಬೇರೆ ಕೂಡಿದರೆ 50 ಗುಂಟೆ ಬರುತ್ತದೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ಒಟ್ಟು ಮೂರು ಎಕರೆ ಹತ್ತು ಗುಂಟೆ. ಆದಕಾರಣ ಎಕರೆಯನ್ನು ಎಕರೆಗೂ ಗುಂಟೆಯನ್ನು ಗುಂಟೆಗೂ ಬೇರೆ ಬೇರೆಯಾಗಿ ಕೂಡಬೇಕು.

ಹೆಕ್ಟೇರಿನಲ್ಲಿ ಬರೆದಾಗ ಮಾತ್ರ ಚುಕ್ಕೆಯು ನಿಜವಾದ ದಶಾಂಶದ ಚುಕ್ಕೆ. ಒಂದು ಹೆಕ್ಟೇರು ಎಂದರೆ ಸುಮಾರು 2 ಎಕರೆ 19 ಗುಂಟೆ. 0.40 ಹೆಕ್ಟೇರು ಎಂದರೆ ಸುಮಾರು ಒಂದು ಎಕರೆ, 40 ಗುಂಟೆಯೆಂಬ ಅರ್ಥದಿಂದಲ್ಲ, ಹೆಕ್ಟೇರಿನ ನೂರರಲ್ಲಿ ನಲವತ್ತು ಪಾಲು ಎಂಬ ಅರ್ಥದಿಂದ. ಆದುದರಿಂದ ಅಂಕಿಯನ್ನು ಓದುವ ಮೊದಲು ಅದರ ಪಕ್ಕದಲ್ಲಿ ಎಕರೆ ಎಂದಿದೆಯೋ ಹೆಕ್ಟೇರು ಎಂದಿದೆಯೋ ನೋಡತಕ್ಕದ್ದು.

ಸರ್ವೆ ನಂಬರಿನ ಓರೆಗೆರೆ

ಸರ್ವೆ ನಂಬರು 45/2 ಎಂದಿದ್ದರೆ ಅದು 45ನೇ ನಂಬರಿನ ಎರಡನೇ ಹಿಸ್ಸೆ. ಓರೆಗೆರೆಯು ಇಲ್ಲಿ ಭಾಗಾಕಾರವೂ ಅಲ್ಲ, ಅರ್ಧ ಎಂಬ ಗುರುತೂ ಅಲ್ಲ. ಆ ಗೆರೆ ಬಿಟ್ಟುಹೋಗಿ 452 ಎಂದಾದರೆ ಊರಿನ ಇನ್ನೊಂದು ಮೂಲೆಯ ಬೇರೆಯವರ ಹೊಲವಾಗಬಹುದು. ಪಹಣಿಯಲ್ಲಿ ಎರಡು ಓರೆಗೆರೆಗಳ ನಡುವೆ ನಕ್ಷತ್ರದ ಗುರುತು ಇದ್ದರೆ, ಅರ್ಜಿಯಲ್ಲಿಯೂ ಕಾಗದದಲ್ಲಿರುವಂತೆಯೇ ಬರೆಯಿರಿ. ನಂಬರಿನ ಜೊತೆಗೆ ಪೈಕಿ ಎಂದಾಗಲಿ, ಅದರ ಕುರುಹಾಗಿ ಪಿ ಎಂಬ ಇಂಗ್ಲಿಷು ಅಕ್ಷರವಾಗಲಿ ಇದ್ದರೆ, ಆ ನಂಬರಿನ ಒಂದು ಭಾಗ ನಿಮ್ಮದು, ಆದರೆ ಅದಿನ್ನೂ ಅಳತೆಯಾಗಿ ಪೋಡಿ ಆಗಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬೇಕು. ಅಂಥ ಜಮೀನನ್ನು ಕೊಳ್ಳುವವರು ಅಳತೆಯ ವಿಚಾರವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬಿನ್, ಕೋಂ ಮತ್ತು ಹೆಸರಿನ ಗೆರೆಗಳು

ನಮ್ಮ ಹಳೆಯ ಮೈಸೂರಿನ ಕಾಗದಗಳಲ್ಲಿ ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಇಂಗ್ಲಿಷು ಅರ್ಜಿಗಳಲ್ಲಿ ಇದೇ ಕೆಲಸವನ್ನು ಎರಡು ಅಕ್ಷರಗಳ ನಡುವಿನ ಓರೆಗೆರೆ ಮಾಡುತ್ತದೆ. ಎಸ್ ಓರೆಗೆರೆ ಓ ಎಂದರೆ ಮಗ, ಡಿ ಓರೆಗೆರೆ ಓ ಎಂದರೆ ಮಗಳು, ಡಬ್ಲ್ಯು ಓರೆಗೆರೆ ಓ ಎಂದರೆ ಹೆಂಡತಿ. ಸಿ ಓರೆಗೆರೆ ಓ ಎಂಬುದು ಮಾತ್ರ ನಂಟಲ್ಲ. ಕಾಗದ ಇಂಥವರ ಮೂಲಕ ತಲುಪಲಿ ಎಂಬ ವಿಳಾಸದ ಮಾತು ಅದು. ಅಲ್ಲಿ ಬರೆದವರ ಹೆಸರು ತಂದೆಯದೋ ಗಂಡನದೋ ಎಂದು ಭಾವಿಸಬಾರದು.

ಒಬ್ಬರಿಗೆ ಎರಡು ಹೆಸರಿದ್ದರೆ ಕನ್ನಡದಲ್ಲಿ ಉರುಫ್ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಅಲಿಯಾಸ್. ಕೆಲವು ಕಚೇರಿಗಳಲ್ಲಿ ಇದಕ್ಕೆ ಬದಲಾಗಿ ಎ ಅಕ್ಷರಕ್ಕೆ ಬಾಲದಂತೆ ಸುತ್ತು ಹಾಕಿದ ಗುರುತನ್ನು ಬಳಸುತ್ತಾರೆ. ಅದೇ ಗುರುತು ಅಂಗಡಿಯ ಬಿಲ್ಲಿನಲ್ಲಿ ಬಂದರೆ ಇಂಥ ದರದಂತೆ ಎಂಬ ಅರ್ಥ. ಗುರುತು ಒಂದೇ, ಜಾಗ ನೋಡಿ ಅರ್ಥ ತಿಳಿಯಬೇಕು.

ಇನ್ನೊಂದು ಮುಖ್ಯ ವಿಚಾರವುಂಟು. ಸಿದ್ದೇಗೌಡ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿಯೂ ಬರೆಯಬಹುದು, ಸಿದ್ದೇ ಬೇರೆ ಗೌಡ ಬೇರೆಯಾಗಿಯೂ ಬರೆಯಬಹುದು. ಇನಿಷಿಯಲ್ ಹೆಸರಿನ ಮುಂದೆ ಇರಬಹುದು, ಹಿಂದೆಯೂ ಇರಬಹುದು. ಮನುಷ್ಯ ಓದಿದರೆ ಎಲ್ಲವೂ ಒಬ್ಬರೇ. ಆದರೆ ಈಗ ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡುವುದು ಬಹುಮಟ್ಟಿಗೆ ಕಂಪ್ಯೂಟರು. ನಡುವೆ ಒಂದು ಅಕ್ಷರದಷ್ಟು ಜಾಗ ಬಿಟ್ಟಿದ್ದರೂ ಅದು ಬೇರೆ ಹೆಸರೆಂದು ಹೇಳಬಹುದು. ಆಧಾರ್, ಪಹಣಿ, ಪಾಸು ಪುಸ್ತಕ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಹೆಸರು ಒಂದೇ ಬಗೆಯಲ್ಲಿದೆಯೇ ಎಂದು ನೋಡಿ. ಇಲ್ಲವಾದರೆ ಸಹಾಯಧನ ಬರುವ ಕಾಲಕ್ಕೆ ಓಡಾಡುವ ಬದಲು ಬಿಡುವಿನ ದಿನಗಳಲ್ಲಿಯೇ ತಿದ್ದುಪಡಿಗೆ ಅರ್ಜಿ ಕೊಡುವುದು ಮೇಲು.

ಆಂಡ್ ಮತ್ತು ಆರ್

ಆಂಡ್ ಎಂದರೆ ಮತ್ತು, ಆರ್ ಎಂದರೆ ಅಥವಾ. ಇಷ್ಟು ಮಕ್ಕಳಿಗೂ ಗೊತ್ತು. ಆದರೆ ಬ್ಯಾಂಕಿನ ಜಂಟಿ ಖಾತೆಯಲ್ಲಿ ಈ ಎರಡು ಮಾತುಗಳ ಅಂತರ ಬಹಳ ದೊಡ್ಡದು. ಜಂಟಿ ಖಾತೆಯನ್ನು ಇಬ್ಬರೂ ಸೇರಿ ನಡೆಸತಕ್ಕದ್ದು ಎಂದಿದ್ದರೆ ಹಣ ತೆಗೆಯಲು ಗಂಡನ ರುಜುವೂ ಬೇಕು, ಹೆಂಡತಿಯ ರುಜುವೂ ಬೇಕು. ಐದರ್ ಆರ್ ಸರ್ವೈವರ್ ಎಂದಿದ್ದರೆ ಇಬ್ಬರಲ್ಲಿ ಯಾರಾದರೂ ಒಬ್ಬರು ತೆಗೆಯಬಹುದು. ಒಬ್ಬರು ತೀರಿಕೊಂಡರೆ ಉಳಿದವರು ಖಾತೆಯನ್ನು ನಡೆಸಬಹುದು.

ಫಾರ್ಮರ್ ಆರ್ ಸರ್ವೈವರ್ ಎಂಬುದು ಮೂರನೆಯ ಬಗೆ. ಇಲ್ಲಿ ಫಾರ್ಮರ್ ಎಂದರೆ ಬೇಸಾಯಗಾರನಲ್ಲ. ಕಿವಿಗೆ ಒಂದೇ ಬಗೆ ಕೇಳಿದರೂ ಇದು ಬೇರೆ ಪದ. ಮೊದಲನೆಯವರು ಎಂದು ಇದರ ಅರ್ಥ. ಮೊದಲ ಹೆಸರಿನವರು ಬದುಕಿರುವ ತನಕ ಅವರೊಬ್ಬರೇ ಹಣ ತೆಗೆಯಬಹುದು, ಎರಡನೆಯವರಿಗೆ ಅಧಿಕಾರ ಬರುವುದು ಆಮೇಲೆ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದಾಗ ಇನ್ನೊಬ್ಬರು ಹಣ ತೆಗೆಯಲಾಗದೆ ಪರದಾಡುವ ಸಂದರ್ಭ ಬರಬಾರದೆಂದರೆ ನಿಮ್ಮ ಖಾತೆ ಯಾವ ಬಗೆಯದೆಂದು ಈಗಲೇ ಕೇಳಿ ತಿಳಿಯಿರಿ.

ಚೆಕ್ಕಿನಲ್ಲಿ ಹಣ ಪಡೆಯುವವರ ಹೆಸರಿನ ಮುಂದೆ ಆರ್ ಬೇರರ್ ಎಂಬ ಎರಡು ಪದ ಅಚ್ಚಾಗಿರುತ್ತದೆ. ಹೆಸರಿನವರಿಗೆ ಅಥವಾ ಚೆಕ್ಕು ತಂದವರಿಗೆ ಕೊಡಿ ಎಂದು ಇದರ ಅರ್ಥ. ದಾರಿಯಲ್ಲಿ ಬಿದ್ದ ಚೆಕ್ಕನ್ನು ಎತ್ತಿಕೊಂಡವನೂ ತಂದವನೇ! ಆದುದರಿಂದ ಚೆಕ್ಕಿನ ಎಡಮೂಲೆಯಲ್ಲಿ ಎರಡು ಓರೆಗೆರೆ ಎಳೆದು ನಡುವೆ ಅಕೌಂಟ್ ಪೇಯಿ ಓನ್ಲಿ ಎಂದು ಬರೆಸಿದರೆ ಹಣ ಹೆಸರಿನವರ ಖಾತೆಗೇ ಹೋಗುತ್ತದೆ. ಮೊತ್ತವನ್ನು ಅಕ್ಷರದಲ್ಲಿ ಬರೆದ ಕೊನೆಗೆ ಓನ್ಲಿ ಅಥವಾ ಮಾತ್ರ ಎಂದು ಹಾಕುವುದು ಅಲಂಕಾರಕ್ಕಲ್ಲ. ಅದರ ಮುಂದೆ ಯಾರೂ ಇನ್ನೊಂದು ಮಾತನ್ನು ಸೇರಿಸದಿರಲೆಂದು ಹಾಕುವ ಬೇಲಿ ಅದು.

ಬೈ, ಬಿಫೋರ್, ವಿಥಿನ್

ಬೈ ಎಂಬ ಮಾತಿಗೆ ಜಾಗಕ್ಕೊಂದು ಅರ್ಥ. ನಿವೇಶನದ ಕಾಗದದಲ್ಲಿ 30 ಬೈ 40 ಎಂದರೆ ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ, ಒಟ್ಟು 1200 ಚದರಡಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಈಸ್ಟ್ ಬೈ ಎಂದರೆ ಪೂರ್ವಕ್ಕೆ ಇರುವುದು ಏನೆಂಬ ವಿವರ. ಅಲ್ಲಿ ರಸ್ತೆ ಎಂದಿದ್ದರೆ ಪೂರ್ವಕ್ಕೆ ರಸ್ತೆಯುಂಟು ಎಂದರ್ಥ. ತಾರೀಖಿನ ಹಿಂದೆ ಬೈ ಬಂದರೆ ಅಷ್ಟರೊಳಗೆ ಎಂದರ್ಥ.

ಬೈ ಜುಲೈ 31 ಎಂದರೆ 31ರ ದಿನವೂ ಸೇರಿತು. ಬಿಫೋರ್ ಜುಲೈ 31 ಎಂದರೆ 30ಕ್ಕೇ ಮುಗಿಯಿತು. ಆನ್ ಆರ್ ಬಿಫೋರ್ ಎಂದಿದ್ದರೆ ಆ ದಿನವೂ ಸೇರಿ ಎಂದು ಸ್ಪಷ್ಟ. ಆದರೂ ಕೊನೆಯ ದಿನದ ತನಕ ಕಾಯುವುದು ಬೇಡ. ಆ ದಿನ ಕಂಪ್ಯೂಟರು ಕೈಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ವಿಥಿನ್ ಎಂದರೆ ಒಳಗೆ. ಇಷ್ಟು ದಿನದೊಳಗೆ ಎಂದಾಗ ಎಣಿಕೆ ಯಾವ ದಿನದಿಂದ ಎಂಬುದನ್ನು ಕೂಡಲೇ ನೋಡಬೇಕು. ಆರ್ಡರಿನ ತಾರೀಖಿನಿಂದಲೋ, ಕಾಗದ ಕೈಸೇರಿದ ತಾರೀಖಿನಿಂದಲೋ? ಎರಡರ ನಡುವೆ ಹತ್ತು ಹದಿನೈದು ದಿನ ವ್ಯತ್ಯಾಸ ಬರಬಹುದು. 1897ರ ಜನರಲ್ ಕ್ಲಾಸಸ್ ಕಾಯಿದೆಯ 9ನೇ ಕಲಮಿನಂತೆ ಕಾನೂನಿನಲ್ಲಿ ಫ್ರಂ ಎಂದು ಬಂದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು, ಟು ಎಂದು ಬಂದರೆ ಕೊನೆಯ ದಿನವನ್ನು ಸೇರಿಸಬೇಕು. ವರ್ಕಿಂಗ್ ಡೇಸ್ ಎಂದಿದ್ದರೆ ರಜೆಯ ದಿನಗಳನ್ನು ಬಿಟ್ಟು ಎಣಿಸಬೇಕು, ಬರಿದೆ ಡೇಸ್ ಎಂದಿದ್ದರೆ ರಜೆಗಳೂ ಸೇರುತ್ತವೆ.

2016ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ಅನಾಹುತದಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದು ಗಂಟೆಯ ಲೆಕ್ಕ. ಶನಿವಾರ ಸಂಜೆ ಆಲಿಕಲ್ಲು ಬಿದ್ದರೆ ಭಾನುವಾರವೂ ಈ ಲೆಕ್ಕದೊಳಗೇ ಕಳೆಯುತ್ತದೆ. ಸೋಮವಾರ ನೋಡೋಣವೆಂದು ಕೂರಬಾರದು.

ಪರ್ ಎಂಬ ಮಾತಿನ ಬೆಲೆ

ಪರ್ ಎಂದರೆ ಒಂದಕ್ಕೆ ಇಷ್ಟು. ಸಾಲದ ಕಾಗದದಲ್ಲಿ ಪರ್ ಆನಂ ಎಂದರೆ ವರ್ಷಕ್ಕೆ, ಪರ್ ಮಂತ್ ಎಂದರೆ ತಿಂಗಳಿಗೆ. ನೂರಕ್ಕೆ ಎರಡು ಎಂದರೆ ಕಿವಿಗೆ ಕಡಮೆ, ನೂರಕ್ಕೆ ಹನ್ನೆರಡು ಎಂದರೆ ಹೆಚ್ಚು ಎನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 50,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ 6,000 ರೂಪಾಯಿ. ತಿಂಗಳಿಗೆ ನೂರಕ್ಕೆ 2ರಂತೆ ತಿಂಗಳೊಂದಕ್ಕೆ 1,000, ವರ್ಷಕ್ಕೆ 12,000 ರೂಪಾಯಿ. ಕಡಮೆಯೆಂದು ಕಂಡದ್ದೇ ಎರಡರಷ್ಟು ಹೆಚ್ಚಾಯಿತು. ಆದಕಾರಣ ಅಂಕಿಗಿಂತ ಮೊದಲು ಪರ್ ಎಂಬ ಮಾತಿನ ಮುಂದೆ ಏನಿದೆ ಎಂದು ನೋಡಿ.

ಅಪ್ ಟು ಎಂಬ ಮಾತನ್ನೂ ಮರೆಯಬಾರದು. ಅಪ್ ಟು 50 ಪರ್ಸೆಂಟ್ ಸಹಾಯಧನ ಎಂದರೆ ಹೆಚ್ಚೆಂದರೆ ಅರ್ಧ. ಅದಕ್ಕಿಂತ ಕಡಮೆಯೂ ಬರಬಹುದು. ಸರ್ಕಾರಿ ಆಜ್ಞೆಯಲ್ಲಿ ಷಲ್ ಎಂದರೆ ಸಾಮಾನ್ಯವಾಗಿ ಮಾಡಲೇಬೇಕು, ಮೇ ಎಂದರೆ ಮಾಡಬಹುದು. ಸಬ್ಜೆಕ್ಟ್ ಟು ಎಂದು ಕಂಡರೆ ಮುಂದೆ ಒಂದು ಷರತ್ತು ಇದೆಯೆಂದು ತಿಳಿದು ಅದನ್ನು ಓದಿಸಿ ಕೇಳಬೇಕು.

ಬಿಲ್ಲುಗಳಲ್ಲಿ ಗ್ರಾಸ್ ಎಂದರೆ ಎಲ್ಲವೂ ಸೇರಿ, ನೆಟ್ ಎಂದರೆ ಕಳೆಯುವುದನ್ನು ಕಳೆದು ಉಳಿದದ್ದು. ಲೆಸ್ ಎಂದು ಬರೆದ ಸಾಲಿನಲ್ಲಿ ಇರುವುದೆಲ್ಲ ನಿಮ್ಮ ಹಣದಿಂದ ಕಳೆದದ್ದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹರಾಜು ಮಾರುಕಟ್ಟೆಗಳಲ್ಲಿ ಹೊಗೆಸೊಪ್ಪು ಮಾರುವ ರೈತರು ಬೇಲಿನ ತೂಕ, ಕಿಲೋ ಒಂದರ ದರ, ಲೆಸ್ ಆದ ಬಾಬುಗಳು, ಕೊನೆಯ ನೆಟ್ ಮೊತ್ತ ಈ ನಾಲ್ಕನ್ನೂ ಚೀಟಿಯಲ್ಲಿ ಒಂದೊಂದಾಗಿ ತಾಳೆ ನೋಡತಕ್ಕದ್ದು.

ಗೊಬ್ಬರದ ಚೀಲದ ಅಡ್ಡಗೆರೆ

ಚೀಲದ ಮೇಲೆ 10-26-26 ಎಂದು ಅಚ್ಚಾಗಿರುವ ಅಡ್ಡಗೆರೆ ಕಳೆಯುವ ಗುರುತಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬುದೂ ಅಲ್ಲ. ಮೂರು ಅಂಕಿಗಳನ್ನು ಬೇರೆ ಮಾಡಿ ತೋರಿಸುವ ಗೆರೆ ಅಷ್ಟೇ. ಅಂಕಿಗಳ ಕ್ರಮ ಎಂದೂ ಬದಲಾಗದು: ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಮೂರೂ ನೂರು ಕಿಲೋಗೆ ಇಷ್ಟು ಎಂಬ ಲೆಕ್ಕ. 50 ಕಿಲೋ ಚೀಲದಲ್ಲಿ ಸಾರಜನಕ 5 ಕಿಲೋ, ರಂಜಕ 13 ಕಿಲೋ, ಪೊಟ್ಯಾಷ್ 13 ಕಿಲೋ. 20-20-0-13 ಎಂದು ನಾಲ್ಕು ಅಂಕಿ ಇದ್ದರೆ ಸೊನ್ನೆಯ ಜಾಗದಲ್ಲಿ ಪೊಟ್ಯಾಷ್ ಇಲ್ಲ, ನಾಲ್ಕನೆಯದು ಗಂಧಕ. ಡಿಎಪಿಯ ಅಂಕಿ 18-46-0. ಯೂರಿಯಾದಲ್ಲಿ ಸಾರಜನಕ ಮಾತ್ರ, ನೂರಕ್ಕೆ 46. ಈಗಿನ 45 ಕಿಲೋ ಚೀಲದಲ್ಲಿ ಅದು 20.7 ಕಿಲೋ ಆಗುತ್ತದೆ.

ಬತ್ತಕ್ಕೆ ಹೆಕ್ಟೇರಿಗೆ 100-50-50 ಎಂದು ಶಿಫಾರಸು ಕಂಡರೆ ಅದು ನೂರು ಕಿಲೋ ಯೂರಿಯಾ ಅಲ್ಲ, ನೂರು ಕಿಲೋ ಸಾರಜನಕ. ಎಕರೆಗೆ ಅದು ಸುಮಾರು 40-20-20 ಆಗುತ್ತದೆ. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಹಾಕಿದರೆ ಹಣವೂ ಹೋಯಿತು, ಬೆಳೆ ಸೊಕ್ಕಿ ರೋಗವೂ ಬಂತು.

ಹೊಗೆಸೊಪ್ಪಿನ ರೈತರು ಕೊನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. 0-0-60 ಎಂಬುದು ಮ್ಯೂರಿಯೇಟ್ ಪೊಟ್ಯಾಷ್, ಅದರಲ್ಲಿ ಕ್ಲೋರೈಡ್ ಇದೆ. ಕ್ಲೋರೈಡ್ ಹೆಚ್ಚಾದರೆ ಸೊಪ್ಪು ಸರಿಯಾಗಿ ಉರಿಯುವುದಿಲ್ಲ, ಗುಣ ಕೆಡುತ್ತದೆ. 0-0-50 ಎಂಬುದು ಸಲ್ಫೇಟ್ ಪೊಟ್ಯಾಷ್, ಹೊಗೆಸೊಪ್ಪಿಗೆ ಹೊಂದುವುದು ಇದೇ. ಅರವತ್ತು ಐವತ್ತಕ್ಕಿಂತ ಹೆಚ್ಚೆಂದು ಕೊಳ್ಳಬಾರದು.

ಔಷಧಿ ಡಬ್ಬಿಯ ಗೆರೆ

ಇಲ್ಲಿ ಅದೇ ಅಡ್ಡಗೆರೆಗೆ ಬೇರೆ ಅರ್ಥ. ಲೀಟರಿಗೆ 2-3 ಎಂಎಲ್ ಎಂದರೆ ಎರಡರಿಂದ ಮೂರರವರೆಗೆ. 15 ಲೀಟರಿನ ಸಿಂಪರಣೆ ಡಬ್ಬಿಗೆ 30ರಿಂದ 45 ಎಂಎಲ್. ಗೆರೆ ಕಾಣದೆ 23 ಎಂದು ಓದಿದರೆ ಬೆಳೆ ಸುಟ್ಟುಹೋಗಬಹುದು, ಸಿಂಪಡಿಸುವವರ ಜೀವಕ್ಕೂ ಅಪಾಯ. 2.5 ಎಂಬಲ್ಲಿ ಚುಕ್ಕೆ ಅಳಿಸಿ 25 ಎಂದು ಕಾಣುವುದೂ ಉಂಟು. ಅಂಕಿ ಮಸುಕಾಗಿದ್ದರೆ ಊಹಿಸಬಾರದು, ಕೇಳಿ ತಿಳಿಯಬೇಕು.

ಡಬ್ಬಿಯ ಜೊತೆಯ ಚೀಟಿಯಲ್ಲಿ ಅಳತೆಗೆ ಎರಡು ಅಂಕಣಗಳಿರುತ್ತವೆ. ಎ.ಐ. ಎಂಬ ಅಂಕಣ ಔಷಧಿಯೊಳಗಿನ ಮೂಲ ವಿಷದ ತೂಕ. ಫಾರ್ಮುಲೇಷನ್ ಎಂಬ ಅಂಕಣ ನಾವು ಡಬ್ಬಿಯಿಂದ ಅಳೆದು ಹಾಕಬೇಕಾದ ಪ್ರಮಾಣ. ನಮಗೆ ಬೇಕಾದದ್ದು ಎರಡನೆಯದು. ಅದೂ ಹೆಚ್ಚಾಗಿ ಹೆಕ್ಟೇರಿಗೆ ಕೊಟ್ಟಿರುತ್ತದೆ. ಹೆಕ್ಟೇರಿಗೆ 500 ಎಂಎಲ್ ಎಂದರೆ ಎಕರೆಗೆ ಸುಮಾರು 200 ಎಂಎಲ್. ವೇಟಿಂಗ್ ಪೀರಿಯಡ್ ಎಂದರೆ ಕೊನೆಯ ಸಿಂಪರಣೆಯಾದ ಮೇಲೆ ಕೊಯ್ಲಿಗೆ ಮೊದಲು ಕಾಯಬೇಕಾದ ದಿನಗಳು. ನಾಟ್ ಎಂಬ ಮೂರು ಅಕ್ಷರದ ಮಾತು ಕಂಡರೆ ಅದು ಬೇಡ ಎಂಬ ಎಚ್ಚರಿಕೆ. ಡಬ್ಬಿಯ ಮೇಲಿನ ಬಣ್ಣವನ್ನಂತೂ ಓದು ಬಾರದವರೂ ತಿಳಿಯಬಹುದು: ಕೆಂಪು ಅತಿ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು ಎಲ್ಲಕ್ಕಿಂತ ಕಡಮೆ. ಕಡಮೆ ಎಂದರೆ ವಿಷವಲ್ಲ ಎಂದಲ್ಲ.

ಬೀಜದ ಹೆಸರಿನ ಗೆರೆ ಬರಿಯ ಜೋಡಣೆ. ಎಂಟಿಯು-1001, ಎಂಟಿಯು-1010 ಎಂಬಲ್ಲಿ ಗೆರೆ ಇದ್ದರೂ ಇಲ್ಲದಿದ್ದರೂ ಒಂದೇ. ಆದರೆ ಅಂಕಿ ಬದಲಾದರೆ ತಳಿಯೇ ಬೇರೆ, ಕೊಯ್ಲಿನ ಕಾಲವೂ ಬೇರೆ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಅಂಗಡಿಯ ಬಿಲ್ಲಿನ ಕೆಳಗೆ ಇ ಆಂಡ್ ಓ.ಇ. ಎಂದು ಇರುತ್ತದೆ. ಏನು ಅರ್ಥ?
ಉತ್ತರ: ಬರೆಯುವಾಗ ತಪ್ಪು ಅಥವಾ ಬಿಟ್ಟುಹೋದದ್ದು ಇದ್ದರೆ ತಿದ್ದಿಕೊಳ್ಳುವ ಹಕ್ಕು ಉಳಿದಿದೆ ಎಂದು ಅಂಗಡಿಯವರು ಹೇಳಿಕೊಳ್ಳುವ ಮಾತು. ಆದುದರಿಂದ ಬಿಲ್ಲನ್ನು ಅಲ್ಲಿಯೇ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ.

ಪ್ರಶ್ನೆ: ಅರ್ಜಿಯಲ್ಲಿ ಇಫ್ ಎನಿ ಎಂಬ ಕಡೆ ನಮಗೆ ಏನೂ ಇಲ್ಲದಿದ್ದರೆ ಖಾಲಿ ಬಿಡಬಹುದೇ?
ಉತ್ತರ: ಇಫ್ ಎನಿ ಎಂದರೆ ಏನಾದರೂ ಇದ್ದರೆ ಎಂದರ್ಥ. ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ, ಅಥವಾ ಒಂದು ಅಡ್ಡಗೆರೆ ಎಳೆಯಿರಿ. ಖಾಲಿ ಜಾಗವನ್ನು ಬೇರೆಯವರು ತುಂಬಬಹುದು.

ಪ್ರಶ್ನೆ: ಅರ್ಜಿಯಲ್ಲಿ ಎರಡು ಮಾತಿನ ನಡುವೆ ಓರೆಗೆರೆ ಇರುತ್ತದೆ. ಏನು ಮಾಡಬೇಕು?
ಉತ್ತರ: ಎರಡರಲ್ಲಿ ನಿಮಗೆ ಹೊಂದದ್ದನ್ನು ಹೊಡೆದುಹಾಕಬೇಕು. ಮಾಲೀಕ ಓರೆಗೆರೆ ಗೇಣಿದಾರ ಎಂದಿದ್ದರೆ ಒಂದನ್ನು ಉಳಿಸಿ ಇನ್ನೊಂದನ್ನು ಹೊಡೆಯಿರಿ. ಎರಡನ್ನೂ ಹಾಗೆಯೇ ಬಿಟ್ಟರೆ ಅರ್ಜಿ ಹಿಂದಿರುಗಬಹುದು.

ರುಜುವಿಗೆ ಮೊದಲು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಾಗದಕ್ಕೂ ಸಲ್ಲುತ್ತದೆ. ಅರ್ಥ ಕೇಳುವುದರಲ್ಲಿ ನಾಚಿಕೆ ಬೇಡ. ಕಿರುಸಾಲದ ಕರಾರು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿಯೇ ಹೇಳಿದೆ. ಕನ್ನಡದಲ್ಲಿ ಕೊಡಿ, ಕನ್ನಡದಲ್ಲಿ ಹೇಳಿ ಎಂದು ಕೇಳುವುದು ದಾಕ್ಷಿಣ್ಯದ ಮಾತಲ್ಲ. ಪಹಣಿಯ ವಿಚಾರವನ್ನು ಗ್ರಾಮ ಆಡಳಿತ ಅಧಿಕಾರಿಗಳಲ್ಲಿಯೂ ನಾಡಕಚೇರಿಯಲ್ಲಿಯೂ, ಗೊಬ್ಬರ ಮತ್ತು ಔಷಧಿಯ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿಯೂ ಕೇಳಬಹುದು. ಹೊಗೆಸೊಪ್ಪಿನ ಬೇಸಾಯಕ್ಕೆ ಹುಣಸೂರಿನ ಸಂಶೋಧನಾ ಕೇಂದ್ರವಿದೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ಸಂಜೆ ಪಹಣಿ, ಪಾಸು ಪುಸ್ತಕ, ಗೊಬ್ಬರದ ಖಾಲಿ ಚೀಲ ಇವುಗಳನ್ನು ಮುಂದಿಟ್ಟುಕೊಂಡು ಅವರಿಂದ ಓದಿಸಿ. ಚುಕ್ಕೆ ಎಲ್ಲಿದೆ, ಗೆರೆ ಎಲ್ಲಿದೆ, ಆರ್ ಎಂದಿದೆಯೋ ಆಂಡ್ ಎಂದಿದೆಯೋ ಎಂದು ಕೇಳಿ. ಮಕ್ಕಳಿಗೆ ಪಾಠವೂ ಆಯಿತು, ನಿಮ್ಮ ಗುಂಟೆಗೂ ಗಂಟಿಗೂ ಕಾವಲೂ ಆಯಿತು. ತಿಳಿಯದ ಒಂದು ಸಣ್ಣ ಮಾತು ಉಳಿದಿದ್ದರೂ ಅದನ್ನು ಕೇಳಿ ತಿಳಿದ ಮೇಲೆಯೇ ರುಜು ಹಾಕಿರಿ.